ಬೆಕ್ಕಿನ ಬಟ್ಟಲು, ಸಾಕಿದವರ ಮನಸ್ಸು



ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಇಲಿಗಳ ಕಾಟ ಹೆಚ್ಚಾಗಲು, ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನಾದರೋ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು, ಬಾಯಿ ಸುಟ್ಟುಕೊಂಡ ಬೆಕ್ಕು ಹಾಲನ್ನು ಕಂಡೊಡನೆ ಓಡುವಂತೆ ಮಾಡಿದನಂತೆ. ಇದು ಕಥೆಯೇ ಹೊರತು ಚರಿತ್ರೆಯಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಇಲಿ ಹಿಡಿಯಲೆಂದು ತಂದ ಪ್ರಾಣಿಗೆ ಹಸುವಿನ ಹಾಲೇ ಬೇಕೆಂದು ನಿಶ್ಚಯಿಸಿದವರು ಯಾರು? ಬೆಕ್ಕಂತೂ ಅಲ್ಲ. ಅದರ ಬಟ್ಟಲಿಗೆ ಏನು ಬೀಳಬೇಕೆಂಬುದನ್ನು ಸಾಕಿದವರ ಭಕ್ತಿ, ಪ್ರೀತಿ, ಮಿತವ್ಯಯ ಮತ್ತು ರೂಢಿಗಳೇ ನಿರ್ಧರಿಸುತ್ತ ಬಂದಿವೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ನಿದರ್ಶನಗಳುಂಟು.

ಕ್ರಿ.ಪೂ. 60ರ ಸುಮಾರಿನಲ್ಲಿ ಈಜಿಪ್ಟಿಗೆ ಭೇಟಿಯಿತ್ತ ಗ್ರೀಕ್ ಇತಿಹಾಸಕಾರ ಡಿಯೊಡೋರಸ್, ಅಲ್ಲಿ ಬೆಕ್ಕುಗಳು ಪೂಜ್ಯವಾಗಿದ್ದುದನ್ನು ವರ್ಣಿಸಿದ್ದಾನೆ. ಅವುಗಳ ಪಾಲಕರು ಹಾಲಿನಲ್ಲಿ ರೊಟ್ಟಿಯನ್ನು ಮುರಿದು ಹಾಕಿ, ಲೊಚಗುಟ್ಟಿ ಕರೆದು ಇಡುತ್ತಿದ್ದರು. ಇಲ್ಲವೇ ನೈಲ್ ನದಿಯ ಮೀನನ್ನು ಹೆಚ್ಚಿ ಹಸಿಯಾಗಿಯೇ ಕೊಡುತ್ತಿದ್ದರು. ಅಲ್ಲಿ ಉಣಿಸುವುದೂ ಒಂದು ಆರಾಧನೆಯೇ ಆಗಿತ್ತು.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನ ಮನೆಯಲ್ಲಿ ಹಾಡ್ಜ್ ಎಂಬ ಬೆಕ್ಕಿತ್ತು. ಅದಕ್ಕಾಗಿ ಆ ಮಹಾವಿದ್ವಾಂಸನು ತಾನೇ ಅಂಗಡಿಗೆ ಹೋಗಿ ಆಯ್‌ಸ್ಟರ್ ಎಂಬ ಚಿಪ್ಪುಮೀನನ್ನು ತರುತ್ತಿದ್ದನೆಂದು ಬಾಸ್ವೆಲ್ 1791ರಲ್ಲಿ ಪ್ರಕಟವಾದ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. ಕಾರಣ ಸ್ವಾರಸ್ಯಕರವಾದುದು. ಸೇವಕರನ್ನು ಕಳುಹಿಸಿದರೆ ಆ ತೊಂದರೆಗಾಗಿ ಅವರು ಬಡಪ್ರಾಣಿಯನ್ನು ದ್ವೇಷಿಸಿಯಾರು ಎಂಬುದು ಅವನ ಅಳುಕು!

ಅದೇ ನಗರದಲ್ಲಿ 1868ರಲ್ಲಿ ಬೇರೊಂದು ಮನೋಧರ್ಮ ಕಾಣಿಸಿತು. ಅಂಚೆ ಇಲಾಖೆಯ ಮನಿಯಾರ್ಡರ್ ಕಚೇರಿಯಲ್ಲಿ ಇಲಿಗಳು ಕಾಗದಪತ್ರಗಳನ್ನು ಹಾಳುಮಾಡುತ್ತಿದ್ದವು. ಮೂರು ಬೆಕ್ಕುಗಳನ್ನು ಸಾಕಲು ವಾರಕ್ಕೆ 2 ಶಿಲ್ಲಿಂಗ್ ಬೇಡಿದರೆ ಮಂಜೂರಾದದ್ದು ಒಂದೇ ಶಿಲ್ಲಿಂಗ್. ಉಳಿದ ಆಹಾರವನ್ನು ಅವು ಇಲಿಗಳಿಂದಲೇ ಸಂಪಾದಿಸಿಕೊಳ್ಳತಕ್ಕದ್ದು, ಆರು ತಿಂಗಳಲ್ಲಿ ಇಲಿಗಳು ಕಡಿಮೆಯಾಗದಿದ್ದರೆ ಭತ್ಯೆಯಲ್ಲಿ ಇನ್ನಷ್ಟು ಕಡಿತ ಎಂಬ ಷರತ್ತೂ ಇತ್ತು. ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡದು ಎಂಬ ಹಳೆಯ ನಂಬಿಕೆ ಸರಕಾರಿ ಆದೇಶದೊಳಗೂ ಹೊಕ್ಕಿತ್ತು.

ನಮ್ಮ ಮನೆಗಳ ರೂಢಿಯನ್ನೂ ನೆನೆಯಿರಿ. ಸಸ್ಯಾಹಾರಿಗಳ ಮನೆಯಲ್ಲಿ ಊಟದ ಕೊನೆಯ ತುತ್ತು ಹಾಲನ್ನ ಬೆಕ್ಕಿನ ಪಾಲು. ಹಬ್ಬದ ದಿನ ಅದಕ್ಕೊಂದಿಷ್ಟು ಪಾಯಸ. ಬೆಕ್ಕಿಗೆ ಸಿಹಿಯ ರುಚಿಯನ್ನು ಅರಿಯುವ ಜೀನ್ ನಿಷ್ಕ್ರಿಯವಾಗಿದೆಯೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಾಗಿ ಪಾಯಸದ ಸಿಹಿಯೆಲ್ಲ ನೀಡಿದ ಅಜ್ಜಿಗೇ ಸಂದಿತೆನ್ನಬೇಕು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದೂ ಇಲ್ಲ. ಆದರೂ ಆ ಬೆಕ್ಕುಗಳು ಬದುಕಿದವು. ಏಕೆಂದರೆ ಅಟ್ಟದಲ್ಲಿ, ಕಣಜದ ಹಿಂದೆ, ಹುಲ್ಲಿನ ಬಣವೆಯಲ್ಲಿ ಅವುಗಳ ನಿಜವಾದ ಊಟ ಸಿಗುತ್ತಿತ್ತು. ನಮ್ಮ ಹಾಲನ್ನ ಬರಿಯ ಉಪಚಾರವಾಗಿತ್ತು.

ಈ ಸಮತೋಲನ ತಪ್ಪಿದ್ದು ಬೆಕ್ಕು ಮನೆಯೊಳಗೇ ಉಳಿದಾಗ. 1947ರಲ್ಲಿ ಅಮೆರಿಕದ ಮಿಷಿಗನ್ನಿನ ಎಡ್ವರ್ಡ್ ಲೋ ಎಂಬಾತ, ಬೆಕ್ಕಿನ ಮಲಮೂತ್ರಕ್ಕೆಂದು ತೇವ ಹೀರುವ ಜೇಡಿಮಣ್ಣಿನ ಹರಳುಗಳನ್ನು ಮಾರತೊಡಗಿದ. ಇದರಿಂದ ಬೆಕ್ಕನ್ನು ಸದಾ ಬಾಗಿಲೊಳಗಿಟ್ಟು ಸಾಕುವುದು ಸುಲಭವಾಯಿತು. ಹಾಗೆ ಸಾಕಿದ ಬೆಕ್ಕಿಗೆ ಬೇಟೆ ತಪ್ಪಿತು, ಬಟ್ಟಲೇ ಸರ್ವಸ್ವವಾಯಿತು. ಆಗ ಬಟ್ಟಲಿನ ಕೊರತೆಗಳು ಬಯಲಾದವು. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದ ದೊರೆಯಬೇಕು. ಅದರ ಕೊರತೆಯಿಂದ ಬೆಕ್ಕು ಕುರುಡಾಗುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿಯೂ ಸಂಶೋಧಕರು ಪ್ರಕಟಿಸಿದರು. ಅಂಗಡಿಯ ಸಿದ್ಧ ಆಹಾರ ತಿಂದ ಬೆಕ್ಕುಗಳೂ ಹೀಗೆ ಹೃದಯರೋಗಕ್ಕೆ ತುತ್ತಾಗಿದ್ದವು. ಬಳಿಕ ತಯಾರಕರು ಅದರಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು.

ಇಂದು ನಿಮ್ಮಲ್ಲಿ ಹಲವರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೋ ಪರದೇಶದಲ್ಲಿಯೋ ಬೆಕ್ಕು ಸಾಕಿದ್ದೀರಿ. ಅಲ್ಲಿ ಅಟ್ಟವೂ ಇಲ್ಲ, ಬಣವೆಯೂ ಇಲ್ಲ. ನಮ್ಮ ಸಸ್ಯಾಹಾರ ನಮ್ಮ ಆಯ್ಕೆ. ಬೆಕ್ಕಿಗೆ ಆ ಆಯ್ಕೆಯನ್ನು ಪ್ರಕೃತಿ ಕೊಟ್ಟಿಲ್ಲ. ಮಿಯಾಂ ಎಂದಾಗಲೆಲ್ಲ ಬಟ್ಟಲು ತುಂಬಿದರೆ, ಹಸಿವಿಲ್ಲದಿದ್ದರೂ ಕೂಗುವುದನ್ನು ಅದು ಬಹುಬೇಗ ಕಲಿಯುತ್ತದೆ, ಮೈ ಬೆಳೆಸುತ್ತದೆ. ಅದು ಕಾಲಿಗೆ ಸುತ್ತಿಕೊಂಡಾಗ ಮೊದಲು ತಲೆ ಸವರಿ, ತುಸು ಆಟವಾಡಿಸಿ. ಏನನ್ನು ಎಷ್ಟು ಹಾಕಬೇಕೆಂಬುದನ್ನು ಪಶುವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.