ರಾತ್ರಿ ಕೈ ಜೋಮು ಹಿಡಿಯುತ್ತಿದೆಯೇ? ಹೊಸ ಹಾಸಿಗೆ ತರುವ ಮುನ್ನ ಬೆರಳು ನೋಡಿಕೊಳ್ಳಿ

ಮೈಸೂರು: ರಾತ್ರಿ ಎರಡು, ಮೂರು ಗಂಟೆಗೆ ಎಚ್ಚರವಾಗುತ್ತದೆ. ಕೈ ಮರದ ತುಂಡಿನಂತೆ ಬಿದ್ದಿರುತ್ತದೆ. ಕೊಡವಿದರೆ ಜುಮ್ಮೆಂದು ಸೂಜಿ ಚುಚ್ಚಿದಂತಾಗಿ ನಿಧಾನಕ್ಕೆ ಜೀವ ಬರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ದಿನವಿಡೀ ಹೂ ಕಟ್ಟುವವರು, ಅಗರಬತ್ತಿ ಹೊಸೆಯುವ ಹೆಣ್ಣುಮಕ್ಕಳು, ಕತ್ತರಿ ಹಿಡಿಯುವ ಟೈಲರ್‌ಗಳು ಹೀಗೆ ಮಣಿಕಟ್ಟಿಗೆ ಬಿಡುವಿಲ್ಲದ ಕೆಲಸ ಮಾಡುವವರಿಗೆ ಈ ತೊಂದರೆ ಬರುವ ಸಾಧ್ಯತೆ ಹೆಚ್ಚು.

‘ರಕ್ತ ಓಡ್ತಿಲ್ಲ, ಅಷ್ಟೇ’ ಅಂತ ಸುಮ್ಮನಾಗುವವರಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ಹಾಸಿಗೆ ತರುವವರೂ ಇದ್ದಾರೆ. ಆದರೆ ಸಾಮಾನ್ಯವಾಗಿ ಇದಕ್ಕೆ ಕಾರಣ ಒತ್ತಡಕ್ಕೆ ಸಿಕ್ಕ ನರ. ಯಾವ ನರ ಎಂಬ ಸುಳಿವು ಬೆರಳಲ್ಲೇ ಸಿಗುತ್ತದೆ.

ಯಾವ ಬೆರಳು, ಎಲ್ಲಿ ಒತ್ತಡ?

* ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಅದುಮಿರಬಹುದು. ಇದೇ ಕಾರ್ಪಲ್ ಟನಲ್ ತೊಂದರೆ. ಗರ್ಭಿಣಿಯರು, ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು.
* ಕಿರುಬೆರಳು, ಉಂಗುರದ ಬೆರಳಾದರೆ ಮೊಣಕೈಯಲ್ಲಿ ಅಲ್ನರ್ ನರಕ್ಕೆ ಒತ್ತಡ. ಮೊಣಕೈ ತಗುಲಿದಾಗ ಶಾಕ್ ಹೊಡೆಯುವಂತೆ ಮಾಡುವುದು ಇದೇ ನರ.
* ಕತ್ತು ನೋವಿನ ಜೊತೆ ತೋಳಿನುದ್ದಕ್ಕೂ ಎಳೆತ ಇದ್ದರೆ ಮೂಲ ಕತ್ತಿನ ಮೂಳೆಗಳ ನಡುವೆ ಇರಬಹುದು.
* ಎರಡೂ ಪಾದಗಳು ಮೊದಲು ಜುಮ್ಮೆಂದು, ಆಮೇಲೆ ಕೈಗೂ ಬಂದರೆ ಅದು ಹಾಸಿಗೆಯ ದೋಷವಲ್ಲ. ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಬೇಕು.

ದಿಂಬು ಎಷ್ಟು ಎತ್ತರ?

ಮಗ್ಗುಲಾಗಿ ಮಲಗುವವರಿಗೆ ಕಿವಿ ಮತ್ತು ಹಾಸಿಗೆ ನಡುವಿನ ಜಾಗ ತುಂಬುವಷ್ಟು ದಿಂಬು ಬೇಕು. ಮನೆಯವರಿಂದ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಸಿಕೊಳ್ಳಿ. ಮೂಗು, ಗಲ್ಲ, ಎದೆಯ ನಡುಭಾಗ ಒಂದೇ ಗೆರೆಯಲ್ಲಿದ್ದರೆ ಸರಿ. ತಲೆ ಕೆಳಕ್ಕೆ ಜಗ್ಗಿದ್ದರೆ ದಿಂಬಿನ ಕವರ್ ಒಳಗೆ ಮಡಚಿದ ಟವೆಲ್ ಇಡಿ. ಅಂಗಾತ ಮಲಗುವವರಿಗೆ ತೆಳು ದಿಂಬು ಸಾಕು. ಎರಡು ದಿಂಬು ಪೇರಿಸಿದರೆ ಕತ್ತು ಮುಂದಕ್ಕೆ ಬಾಗುತ್ತದೆ. ಬೋರಲು ಮಲಗಿದರೆ ಕತ್ತು ತಿರುಚಿ, ಕೈ ಅಡಿಗೆ ಸಿಕ್ಕಿಕೊಳ್ಳುತ್ತದೆ. ಆ ಅಭ್ಯಾಸ ಬಿಡುವುದೇ ಒಳ್ಳೆಯದು.

ಹಾಸಿಗೆ ಹೇಗಿರಬೇಕು?

ಬರೀ ಚಾಪೆ ಅಥವಾ ಗಟ್ಟಿ ಹಾಸಿಗೆಯಲ್ಲಿ ಮಗ್ಗುಲಾದರೆ ಇಡೀ ಮೈಭಾರ ಭುಜದ ಮೇಲೆ ಬೀಳುತ್ತದೆ. ಮೇಲೊಂದು ದಪ್ಪ ಕೌದಿ ಅಥವಾ ರಜಾಯಿ ಮಡಚಿ ಹಾಸಿದರೆ ಭುಜಕ್ಕೆ ಆರಾಮ. ನಡುವೆ ಗುಂಡಿ ಬಿದ್ದ ಹಳೇ ಹತ್ತಿ ಹಾಸಿಗೆಯಾದರೆ ಹತ್ತಿ ಹಿಂಜಿಸಿ ಮತ್ತೆ ತುಂಬಿಸಬಹುದು. ಫೋಮ್ ಹಾಸಿಗೆಯನ್ನು ತಲೆ–ಕಾಲು ದಿಕ್ಕು ಬದಲಿಸಿ ನೋಡಿ. ಇಷ್ಟಕ್ಕೂ ಸರಿಹೋಗದಿದ್ದರೆ ಆಗ ಹೊಸದರ ಮಾತು.

ಕೈ ಎಲ್ಲಿಡಬೇಕು?

ಕೈಯನ್ನೇ ದಿಂಬು ಮಾಡಿಕೊಳ್ಳಬೇಡಿ. ಎದೆಗೊಂದು ದಿಂಬು ಅಪ್ಪಿಕೊಂಡು ಮೇಲಿನ ಕೈಯನ್ನು ಅದರ ಮೇಲಿಡಿ. ಕಿರುಬೆರಳು ಜೋಮು ಹಿಡಿಯುವವರು ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿದರೆ ಕೈ ಪೂರ್ತಿ ಮಡಚುವುದಿಲ್ಲ. ಹೆಬ್ಬೆರಳ ಕಡೆಯ ಜೋಮಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಣಿಕಟ್ಟಿನ ಪಟ್ಟಿಯನ್ನು ರಾತ್ರಿ ಕಟ್ಟಿಕೊಳ್ಳಬಹುದು. ಮಣಿಕಟ್ಟು ನೇರವಾಗಿರಬೇಕು, ಕಟ್ಟು ಬಿಗಿಯಾಗಬಾರದು.

ಮಧ್ಯಾಹ್ನ ಅಂಗಡಿ ಶಟರ್ ಎಳೆದು ಕುರ್ಚಿಯಲ್ಲೇ ನಿದ್ದೆ ಮಾಡುವವರು ತೋಳನ್ನು ಕುರ್ಚಿಯ ಅಂಚಿಗೆ ನೇತುಹಾಕಬಾರದು. ಗಂಟೆಗಟ್ಟಲೆ ಒತ್ತಿದರೆ ರೇಡಿಯಲ್ ನರಕ್ಕೆ ಪೆಟ್ಟಾಗಿ ಎದ್ದಾಗ ಮಣಿಕಟ್ಟೇ ಮೇಲೇಳದಿರಬಹುದು. ಚೇತರಿಕೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಡಾಕ್ಟರ್ ಬಳಿ ಯಾವಾಗ?

ಎರಡು, ಮೂರು ವಾರ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಹೆಚ್ಚಿನ ತಪಾಸಣೆಗೆ ನಗರದಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಹಗಲಲ್ಲೂ ಜೋಮು ಬಿಡದಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ ಅಷ್ಟು ದಿನವೂ ಕಾಯಬೇಡಿ. ಒಮ್ಮೆ ಸೊರಗಿದ ಸ್ನಾಯು ಚಿಕಿತ್ಸೆ ಆದ ಮೇಲೂ ಪೂರ್ತಿ ಮರಳದಿರಬಹುದು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಕುಷ್ಠರೋಗದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ.

ಇದ್ದಕ್ಕಿದ್ದಂತೆ ಒಂದೇ ಕಡೆಯ ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಎದೆನೋವಿನ ಜೊತೆ ಕೈ ಸೆಳೆತ ಬಂದರೆ ಹೃದಯಾಘಾತ ಇರಬಹುದು. ಬೆಳಗಾಗಲಿ ಅಂತ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ.