ಶ್ರೀಪಾದ: ಒಂದೇ ಹೆಜ್ಜೆ, ಹಲವು ವಾರಸುದಾರರು

ಡಿಸೆಂಬರ್ ಹುಣ್ಣಿಮೆ ಬಂತೆಂದರೆ ಶ್ರೀಲಂಕೆಯ ಗುಡ್ಡಗಾಡಿನಲ್ಲಿ ಒಂದು ಬೆಟ್ಟಕ್ಕೆ ರಾತ್ರಿ ನಿದ್ದೆ ಇರುವುದಿಲ್ಲ. ಬುಡದ ನಲ್ಲತಣ್ಣಿಯಿಂದ ನೆತ್ತಿಯವರೆಗೆ ಮೆಟ್ಟಿಲ ಉದ್ದಕ್ಕೂ ದೀಪದ ಸಾಲು. ಮಧ್ಯರಾತ್ರಿ ಕಳೆದ ಮೇಲೆ ಜನ ಏರಲು ಶುರು ಮಾಡುತ್ತಾರೆ. ಕೈಮಗುವನ್ನು ಎತ್ತಿಕೊಂಡ ತಾಯಂದಿರು, ಕೋಲೂರಿದ ಮುದುಕರು, ಕಂಬಳಿ ಹೊದ್ದ ಹುಡುಗರು, ನಡುನಡುವೆ ಏದುಸಿರು ಬಿಡುವ ವಿದೇಶಿ ಪ್ರವಾಸಿಗಳು. ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಎಲ್ಲರ ಲೆಕ್ಕಾಚಾರವೂ ಒಂದೇ: ಸೂರ್ಯ ಮೂಡುವ ಮುನ್ನ ತುದಿ ಮುಟ್ಟಬೇಕು.

ಬೆಟ್ಟದ ಎತ್ತರ 2,243 ಮೀಟರ್. ಸಿಂಹಳೀಯರಿಗೆ ಇದು ಶ್ರೀಪಾದ, ಅಥವಾ ಸಮನಲ. ತಮಿಳರಿಗೆ ಶಿವನೊಳಿಪಾದಮಲೈ. ಇಂಗ್ಲಿಷ್ ನಕಾಶೆಗಳಲ್ಲಿ ಆಡಮ್ಸ್ ಪೀಕ್. ನೆತ್ತಿಯ ಬಂಡೆಯ ಮೇಲೆ ಪಾದದ ಆಕಾರದ ಒಂದು ತಗ್ಗು ಇದೆ. 1817ರಲ್ಲಿ ಏರಿದ್ದ ಬ್ರಿಟಿಷ್ ವೈದ್ಯ ಜಾನ್ ಡೇವಿ ಅದನ್ನು ಅಳೆದು, ಉದ್ದ ಐದು ಅಡಿಗಿಂತ ತುಸು ಹೆಚ್ಚು ಎಂದು ಬರೆದ. ಆ ಹೆಜ್ಜೆ ಯಾರದು ಎಂಬಲ್ಲಿಂದ ಕಥೆ ಶುರುವಾಗುತ್ತದೆ. ಬೌದ್ಧರು ಬುದ್ಧನದೆನ್ನುತ್ತಾರೆ, ಹಿಂದೂಗಳು ಶಿವನದೆನ್ನುತ್ತಾರೆ. ಸ್ವರ್ಗದಿಂದ ಹೊರದೂಡಲ್ಪಟ್ಟ ಆದಮ್ ಮೊದಲು ಕಾಲಿಟ್ಟದ್ದು ಇಲ್ಲೇ ಎಂಬುದು ಮುಸ್ಲಿಮರ ನಂಬಿಕೆ. ಕ್ರೈಸ್ತರಲ್ಲಿ ಕೆಲವರು ಸಂತ ಥಾಮಸನ ಹೆಸರು ಹೇಳುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಗುಹೆಯಲ್ಲಿ ಭದ್ರಬಾಹುವಿನ ಪಾದಗಳಿಗೆ ಕೈಮುಗಿದು ಬಂದ ಕನ್ನಡಿಗರಿಗೆ ಪಾದಪೂಜೆ ಹೊಸದೇನಲ್ಲ. ಆದರೆ ಒಂದೇ ಪಾದಕ್ಕೆ ನಾಲ್ಕು ಧರ್ಮದವರು ಹಕ್ಕು ಹೇಳುವುದು ಅಪರೂಪವೇ ಸರಿ.

ಬುದ್ಧ ಮೂರನೇ ಸಲ ಲಂಕೆಗೆ ಬಂದಾಗ ಸುಮನಕೂಟದ ಮೇಲೆ ಹೆಜ್ಜೆಗುರುತು ಬಿಟ್ಟುಹೋದನೆಂದು ‘ಮಹಾವಂಶ’ ಹೇಳುತ್ತದೆ. ಐದನೇ ಶತಮಾನದ ಆರಂಭದಲ್ಲಿ ಲಂಕೆಯಲ್ಲಿದ್ದ ಚೀನಾದ ಯಾತ್ರಿಕ ಫಾಹಿಯಾನನೂ ಬೆಟ್ಟದ ಮೇಲಿನ ಪಾದದ ಮಾತು ಎತ್ತಿದ್ದಾನೆ. 851ರ ಹೊತ್ತಿನ ಅರಬ್ಬೀ ಬರಹವೊಂದರಲ್ಲಿ ಅದು ಆದಮನ ಪಾದವಾಗಿದೆ. ಆತನ ಇನ್ನೊಂದು ಕಾಲು ಸಮುದ್ರದಲ್ಲಿತ್ತಂತೆ! ಬಂದರಿನಿಂದ ಬಂದರಿಗೆ ಸರಕು ಸಾಗಿಸುತ್ತಿದ್ದ ವರ್ತಕರು ಕಥೆಯನ್ನೂ ಸಾಗಿಸಿದರು. ಹಡಗಿನವರಿಗೆ ಕರಾವಳಿಗಿಂತ ಮೊದಲು ಕಾಣುತ್ತಿದ್ದ ಈ ಚೂಪು ಶಿಖರಕ್ಕೆ ಕಥೆ ಅಂಟಿಕೊಂಡದ್ದು ಸಹಜ.

ಕಥೆಯಾಚೆ ಕಲ್ಲಿನ ಸಾಕ್ಷ್ಯಕ್ಕೆ ಬಂದರೆ ಮುಖ್ಯವಾಗುವವನು 1055ರಿಂದ 1110ರವರೆಗೆ ಆಳಿದ ಒಂದನೇ ವಿಜಯಬಾಹು. ಲಂಕೆಯಿಂದ ಚೋಳರನ್ನು ಓಡಿಸಿದ ಅರಸ ಈತ. ಇಲ್ಲಿ ಕನ್ನಡನಾಡಿನ ನಂಟೂ ಒಂದಿದೆ. ‘ಚೂಳವಂಶ’ದ ಪ್ರಕಾರ ಈತನಿಗೂ ಕರ್ಣಾಟದ ಅರಸನಿಗೂ ಕಾಣಿಕೆಗಳ ವಿನಿಮಯವಿತ್ತು. ಆ ಅರಸ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಕರ್ಣಾಟಕ್ಕೆ ಹೊರಟಿದ್ದ ಸಿಂಹಳ ದೂತರ ಕಿವಿ, ಮೂಗುಗಳನ್ನು ಚೋಳರು ದಾರಿಯಲ್ಲೇ ಕೊಯ್ದು ಕಳಿಸಿದರಂತೆ. ಚೋಳನ ಶತ್ರುಗಳಿಬ್ಬರು ಕೈಕುಲುಕಲು ಹೊರಟರೆ ನಡುವಿನ ಚೋಳ ಸುಮ್ಮನಿದ್ದಾನೆಯೇ?

ಇದೇ ವಿಜಯಬಾಹು ಬೆಟ್ಟದ ಯಾತ್ರಿಕರ ಪಾಡು ನೋಡಿ ಮರುಗಿದ. ಕಾಡುದಾರಿಯಲ್ಲಿ ಅವರಿಗೆ ಅನ್ನ ಸಿಗಲೆಂದು ಗಿಲಿಮಲೆ ಎಂಬ ಹಳ್ಳಿಯನ್ನೇ ಉಂಬಳಿ ಬಿಟ್ಟ. ಅಂಬಗಮುವದ ಬಂಡೆ ಶಾಸನದಲ್ಲಿ ಆತನ ದತ್ತಿಗಳ ವಿವರವಿದೆ. ಆ ಪಟ್ಟಿಯಲ್ಲೇ ಇನ್ನೊಂದು ಸಂಗತಿಯೂ ಇದೆ. ಪಾದವಿರುವ ಜಗುಲಿಯ ಕೆಳಗೆ ಇನ್ನೊಂದು ಜಗುಲಿ ಕಟ್ಟಿಸಿದ್ದಾಗಿ ಅರಸ ಹೇಳಿಕೊಂಡಿದ್ದಾನೆ, ‘ಕೀಳು ಜಾತಿ’ಯವರು ಅಲ್ಲಿ ನಿಂತು ಪೂಜಿಸಲೆಂದು. ಒಂಬೈನೂರು ವರ್ಷದ ಹಿಂದೆ ಇದನ್ನು ಪುಣ್ಯಕಾರ್ಯವೆಂದೇ ಕೆತ್ತಿಸಿರಬೇಕು. ಅವರಿಗೂ ಒಂದು ಜಾಗ ಕೊಟ್ಟೆನೆಂಬ ತೃಪ್ತಿ ಅದರಲ್ಲಿದ್ದೀತು. ಬುದ್ಧನ ಹೆಜ್ಜೆಯ ಬಳಿಯೂ ಜಾತಿಗೊಂದು ಮೆಟ್ಟಿಲು ಇತ್ತೆಂಬುದನ್ನು ಇಂದಿನವರು ಅದೇ ಸಾಲಿನಲ್ಲಿ ಓದಿಕೊಳ್ಳಬಹುದು. ಅಷ್ಟೇ ಮೆಟ್ಟಿಲು ಹತ್ತಿ, ಅಷ್ಟೇ ಚಳಿ ತಿಂದು ಬಂದವರು ಕೊನೆಯ ನಾಲ್ಕು ಅಡಿ ಏರುವಂತಿರಲಿಲ್ಲ.

ಹಿಂದಿನವರು ಬೆಟ್ಟ ಹತ್ತುತ್ತಿದ್ದ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿದವನು ಮೊರಾಕ್ಕೋ ದೇಶದ ಇಬ್ನ್ ಬತೂತ. 1344ರಲ್ಲಿ ಮಾಲ್ಡೀವ್ಸಿನಿಂದ ಹೊರಟ ಆತ ಪುತ್ತಳಂ ಕಡಲತೀರದಲ್ಲಿ ಇಳಿದ. ಅಲ್ಲಿದ್ದ ತಮಿಳು ದೊರೆ ಆರ್ಯಚಕ್ರವರ್ತಿ, ಏನು ಬೇಕು ಎಂದು ಕೇಳಿದನಂತೆ. ಆದಮನ ಪಾದ ನೋಡಬೇಕು, ಅಷ್ಟೇ ಎಂದ ಅತಿಥಿ. ಹಿಂದೂ ದೊರೆ ಈ ಮುಸಲ್ಮಾನ ಯಾತ್ರಿಕನಿಗೆ ಪಲ್ಲಕ್ಕಿ ಕೊಟ್ಟು, ಪ್ರತಿವರ್ಷ ಪಾದದರ್ಶನಕ್ಕೆ ಹೋಗಿಬರುವ ನಾಲ್ವರು ಯೋಗಿಗಳನ್ನೂ ಮೂವರು ಬ್ರಾಹ್ಮಣರನ್ನೂ ಜೊತೆಗೆ ಕಳಿಸಿದ. ಆ ತಂಡವನ್ನು ಸುಮ್ಮನೆ ಕಲ್ಪಿಸಿಕೊಂಡರೂ ಸೊಗಸು.

ಬೆಟ್ಟಕ್ಕೆ ಎರಡು ದಾರಿಗಳಿದ್ದವು. ಒಂದು ‘ಬಾಬಾ’, ಅಂದರೆ ಆದಮನ ದಾರಿ. ಇನ್ನೊಂದು ‘ಮಾಮಾ’, ಹವ್ವಳ ದಾರಿ. ಮಾಮಾ ಸುಲಭ; ಇಳಿಯುವಾಗ ಎಲ್ಲರೂ ಹಿಡಿಯುವುದು ಅದನ್ನೇ. ಹತ್ತುವಾಗಲೂ ಅದರಲ್ಲೇ ಬಂದವನು ಯಾತ್ರೆ ಮಾಡಿದಂತೆಯೇ ಅಲ್ಲ ಎಂಬ ಅಭಿಪ್ರಾಯವಿತ್ತು. ಬಾಬಾ ದಾರಿಯಲ್ಲಿ ಬಂಡೆಗೆ ಗೂಟ ಹೊಡೆದು ಕಬ್ಬಿಣದ ಸರಪಳಿ ಇಳಿಬಿಟ್ಟಿದ್ದರು. ಒಟ್ಟು ಹತ್ತು ಸರಪಳಿ. ಹತ್ತನೆಯದಕ್ಕೆ ಕಲಿಮಾದ ಸರಪಳಿ ಎಂದೇ ಹೆಸರು. ಅಲ್ಲಿ ತಲುಪಿ ಕೆಳಗೆ ನೋಡಿದವನಿಗೆ ಜೀವ ಬಾಯಿಗೆ ಬಂದು, ತಾನೇ ತಾನಾಗಿ ಕಲಿಮಾ ಹೊರಡುತ್ತಿತ್ತು! ಹದಿಮೂರನೇ ಶತಮಾನದಲ್ಲಿ ಎರಡನೇ ಪರಾಕ್ರಮಬಾಹುವಿನ ಮಂತ್ರಿ ದೇವಪತಿರಾಜ ಇಲ್ಲಿ ಸೇತುವೆ ಕಟ್ಟಿಸಿ ಸರಪಳಿ ಹಾಕಿಸಿದ ಸಂಗತಿ ‘ಚೂಳವಂಶ’ದಲ್ಲಿದೆ. ಬೌದ್ಧ ಮಂತ್ರಿ ಹಾಕಿಸಿದ ಸರಪಳಿಗಳನ್ನೇ ಹಿಡಿದು ಬತೂತ ಏರಿದ್ದರೂ ಆಶ್ಚರ್ಯವಿಲ್ಲ.

ಮೇಲೆ ಆತ ಕಂಡದ್ದು ಹನ್ನೊಂದು ಗೇಣುದ್ದದ ಪಾದ. ಹೆಬ್ಬೆರಳಿನ ಭಾಗ ಇರಲಿಲ್ಲ. ಹಿಂದೆ ಚೀನೀಯರು ಅದನ್ನು ಕೆತ್ತಿಕೊಂಡು ಹೋಗಿ ತಮ್ಮ ಜೈತೂನ್ ನಗರದ ಗುಡಿಯಲ್ಲಿ ಇಟ್ಟಿದ್ದಾರೆಂದು ಅಲ್ಲಿದ್ದವರು ಹೇಳಿದರಂತೆ. ಪಾದದ ಬಳಿ ಒಂಬತ್ತು ಕುಳಿಗಳಿದ್ದು, ಯಾತ್ರಿಕರು ಅವುಗಳಲ್ಲಿ ಚಿನ್ನ, ಮಾಣಿಕ್ಯ, ಮುತ್ತು ಹಾಕುತ್ತಿದ್ದರು. ಕೆಳಗಿನ ಗುಹೆ ತಲುಪಿದ ಫಕೀರರು ಆ ಕುಳಿಗಳತ್ತ ‘ನಾ ಮುಂದೆ ತಾ ಮುಂದೆ’ ಎಂದು ಓಡುತ್ತಿದ್ದುದನ್ನೂ ಬತೂತ ಮುಚ್ಚಿಟ್ಟಿಲ್ಲ. ಭಕ್ತಿಯ ಜಾಗದಲ್ಲಿ ಪೈಪೋಟಿ ಇಂದಿನದೇನಲ್ಲ ಬಿಡಿ.

ಹಕ್ಕಿನ ಪೈಪೋಟಿಯೂ ನಡೆಯಿತು. ಹದಿನಾರನೇ ಶತಮಾನದ ಕೊನೆಗೆ ಸೀತಾವಕದ ಒಂದನೇ ರಾಜಸಿಂಹ ತಂದೆಯನ್ನು ಕೊಂದ ಪಾಪಕ್ಕೆ ಪರಿಹಾರ ಕೇಳಿದಾಗ ಭಿಕ್ಷುಗಳು ಆಗದೆಂದರು, ಶೈವರು ಆಗುತ್ತದೆಂದರು, ಅರಸ ಶ್ರೀಪಾದವನ್ನು ಶೈವ ಆಂಡಿಗಳಿಗೆ ಒಪ್ಪಿಸಿದ ಎಂಬುದು ಬೌದ್ಧರ ಗ್ರಂಥಗಳ ಮಾತು. ಸೋತವರ ಕಡೆಯ ಕಥೆಯಾದ್ದರಿಂದ ಬಣ್ಣ ಸೇರಿರಬಹುದು. ಹದಿನೆಂಟನೇ ಶತಮಾನದಲ್ಲಿ ಕ್ಯಾಂಡಿಯ ಕೀರ್ತಿಶ್ರೀ ರಾಜಸಿಂಹ ಅದನ್ನು ಭಿಕ್ಷುಗಳಿಗೆ ಮರಳಿಸಿ, ಕುಟ್ಟಪಿಟಿಯ ಗ್ರಾಮವನ್ನು ದತ್ತಿ ಕೊಟ್ಟ. ಸ್ವಾರಸ್ಯವೆಂದರೆ ಈ ಕೀರ್ತಿಶ್ರೀ ಮಧುರೆ ಕಡೆಯಿಂದ ಬಂದ ನಾಯಕ್ಕರ್ ಮನೆತನದವನು. ಬೌದ್ಧರಿಗೆ ಅವರ ಪಾದ ವಾಪಸು ಸಿಕ್ಕಿದ್ದು ದಕ್ಷಿಣ ಭಾರತ ಮೂಲದ ಅರಸನಿಂದ!

1815ರಲ್ಲಿ ಕ್ಯಾಂಡಿ ಬ್ರಿಟಿಷರ ಕೈಸೇರಿತು. ಬೆಟ್ಟದ ಸುತ್ತಲಿನ ಕಾಡು ಕಡಿದು ಕಾಫಿ ನೆಟ್ಟರು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗ ಕಾಫಿಯನ್ನು ನುಂಗಿದ ಮೇಲೆ ಚಹಾ ಬಂತು. 1880ರ ದಶಕದಲ್ಲಿ ರೈಲು ಹ್ಯಾಟನ್ ಊರಿಗೆ ಬಂತು. ಅಲ್ಲಿಯವರೆಗೆ ರತ್ನಪುರದ ಕಡೆಯಿಂದ ದಿನಗಟ್ಟಲೆ ಕಾಡುದಾರಿಯಲ್ಲಿ ಬರುತ್ತಿದ್ದ ಯಾತ್ರೆ ಕ್ರಮೇಣ ಹ್ಯಾಟನ್ ಕಡೆಗೆ ತಿರುಗಿತು. ಇಂದು ಹೆಚ್ಚು ಜನ ಹತ್ತುವ ದೀಪದ ಮೆಟ್ಟಿಲುಗಳ ದಾರಿ ಇದೇ. ಒಂದು ರಾತ್ರಿಯಲ್ಲಿ ಹತ್ತಿ ಸೂರ್ಯೋದಯ ನೋಡಿ ಇಳಿದುಬಿಡುವ ರೂಢಿಯ ಹಿಂದೆ ಚಹಾ ಸಾಗಿಸಲು ಹಾಕಿದ ಹಳಿಗಳಿವೆ.

ಆ ಚಹಾ ಕೀಳಲು ತಮಿಳುನಾಡಿನಿಂದ ಕರೆತಂದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಬೆಟ್ಟದ ಬುಡದಲ್ಲೇ ಬೆಳೆದರು. ಅವರ ಪಾಲಿಗೆ ನೆತ್ತಿಯಲ್ಲಿರುವುದು ಶಿವನ ಪಾದ. ದೇಶ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಲಕ್ಷಾಂತರ ಮಂದಿಯನ್ನು ಭಾರತಕ್ಕೆ ಕಳಿಸುವ ತೀರ್ಮಾನವಾಯಿತು. ಉಳಿದವರಲ್ಲಿ ಕೊನೆಯವರಿಗೆ ಪೌರತ್ವದ ಬಾಗಿಲು ತೆರೆದದ್ದು 2003ರ ಕಾಯ್ದೆ. ವಿಜಯಬಾಹುವಿನ ಕೆಳಗಿನ ಜಗುಲಿಗೂ ಇದಕ್ಕೂ ನೇರ ಸಂಬಂಧವಿಲ್ಲ, ನಿಜ. ಆದರೂ ಅಂಬಗಮುವದ ಶಾಸನ ಓದುವಾಗ ಇವರ ನೆನಪಾಗದಿರದು.

ಏರುವ ದಾರಿಗೆ ಅದರದೇ ರೀತಿ ರಿವಾಜುಗಳಿವೆ. ಸೀತಗಂಗುಲ ತೊರೆಯಲ್ಲಿ ಮಿಂದು ಮುಂದೆ ಹೋಗಬೇಕು. ಬುದ್ಧ ಕೂತು ಚೀವರ ಹೊಲಿದುಕೊಂಡನೆನ್ನುವ ಜಾಗದಲ್ಲಿ ಸೂಜಿ ಚುಚ್ಚಿ, ಬಿಳಿ ದಾರ ಬಿಚ್ಚುತ್ತ ನಡೆಯಬೇಕು. ಎದುರು ಸಿಕ್ಕವರು ‘ಕರುಣಾವಯಿ’ ಎಂದು ಹರಸುತ್ತಾರೆ. ಮೇಲೆ ಒಂದು ಗಂಟೆ. ಎಷ್ಟನೇ ಸಲ ಬಂದಿದ್ದೀರೋ ಅಷ್ಟು ಸಲ ಬಾರಿಸಬೇಕು. ಹೊಸಬ ಒಂದೇ ಬಾರಿಸಿ ಸರಿಯುತ್ತಾನೆ. ಯಾರೋ ಅಜ್ಜ ಬಾರಿಸುತ್ತಲೇ ಇದ್ದರೆ ಸುತ್ತಲಿನವರು ಎಣಿಸತೊಡಗುತ್ತಾರೆ.

ಸೂರ್ಯ ಮೂಡುವ ಗಳಿಗೆಗೆ ‘ಇರ ಸೇವಯ’ ಎನ್ನುತ್ತಾರೆ. ಸೂರ್ಯನೇ ಪಾದಕ್ಕೆ ನಮಸ್ಕರಿಸುತ್ತಾನೆಂಬ ಭಾವನೆ. ಎಲ್ಲರ ಮುಖ ಪೂರ್ವಕ್ಕಿರುವಾಗ ಬಲ್ಲವರು ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಓಡುತ್ತಾರೆ. ಅಲ್ಲಿ ಮಂಜಿನ ಮೇಲೆ ಬೆಟ್ಟದ ನೆರಳು ಬಿದ್ದಿರುತ್ತದೆ, ಅಳತೆ ಪಟ್ಟಿ ಹಿಡಿದು ಗೆರೆ ಎಳೆದಂಥ ತ್ರಿಕೋನ. ಕೆಲವೊಮ್ಮೆ ಅದು ನೆಲದಲ್ಲಿ ಮಲಗದೆ ಎದುರಿಗೆ ಎದ್ದು ನಿಂತಂತೆ ಕಾಣುತ್ತದೆ. 1876ರಲ್ಲಿ ಅಬ್ಬೇ ಎಂಬ ಪಾದ್ರಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಈ ಬಗ್ಗೆ ಬರೆದು, ಬಿಸಿ ಮತ್ತು ತಂಪು ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದೇ ಕಾರಣವಿರಬೇಕೆಂದ. ವಿವರಣೆ ಅದಕ್ಕಿಂತ ಸರಳ. ಅಡ್ಡಬಿಸಿಲಿಗೆ ನೆರಳು ಹತ್ತಾರು ಕಿಲೋಮೀಟರು ಚಾಚುತ್ತದೆ; ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆ ಅದರ ಎರಡು ಅಂಚುಗಳೂ ತುದಿಯಲ್ಲಿ ಸೇರಿದಂತೆ ತೋರುತ್ತವೆ. ಬೆಟ್ಟ ಯಾವ ಆಕಾರದ್ದಾದರೂ ನೆತ್ತಿಯಲ್ಲಿ ನಿಂತವನಿಗೆ ಕಾಣುವುದು ತ್ರಿಕೋನವೇ. ತೆರೆಯಂತೆ ತೂಗುವ ಮಂಜು ಅದನ್ನು ಎತ್ತಿ ನಿಲ್ಲಿಸುತ್ತದೆ.

ಬಿಸಿಲೇರಿದಂತೆ ನೆರಳು ಬುಡದತ್ತ ಸರಿದು ಕುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಕರಗುತ್ತದೆ. ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ ದಿನವೂ ಇದೇ ಸಂಭ್ರಮ. ಆಮೇಲೆ ನೈರುತ್ಯ ಮಳೆ, ಗಾಳಿ. ಬೆಟ್ಟದ ಕಾವಲು ದೇವರಾದ ಸಮನ್ ದೇವರ ವಿಗ್ರಹವನ್ನು ಮೆರವಣಿಗೆಯಲ್ಲಿ ಕೆಳಗಿನ ಪೆಲ್ಮಡುಲ್ಲದ ವಿಹಾರಕ್ಕೆ ಇಳಿಸುತ್ತಾರೆ. ಮುಂದಿನ ಡಿಸೆಂಬರ್ ಹುಣ್ಣಿಮೆಗೆ ಅದನ್ನು ಮತ್ತೆ ಹೊತ್ತು ಏರಬೇಕು.