ಆಂತರಿಕ ಅಂಕಗಳ ನಿಜವಾದ ತೂಕ: ಕರ್ನಾಟಕದ ಪದವಿ ಮೌಲ್ಯಮಾಪನದ ಒಂದು ಪರಿಶೀಲನೆ

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಮೌಲ್ಯಮಾಪನದ ಚರ್ಚೆ ಎಂದರೆ ಬಹುಮಟ್ಟಿಗೆ ಅನುಪಾತದ ಚರ್ಚೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಪದವಿ ತರಗತಿಗಳು ಶುರುವಾದಾಗ ಆಂತರಿಕ ಮೌಲ್ಯಮಾಪನಕ್ಕೆ 40, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 60 ಅಂಕ ಎಂದಾಯಿತು. 2024-25ರಲ್ಲಿ ರಾಜ್ಯವು ಮೂರು ವರ್ಷದ ಪದವಿಗೆ ಮರಳಿದಾಗ ಅದು 20 ಮತ್ತು 80ಕ್ಕೆ ಬಂತು. ಎಂಜಿನಿಯರಿಂಗ್ ಕಡೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎದುರು ದಿಕ್ಕಿಗೆ ನಡೆಯಿತು: 2018ರ ಸ್ಕೀಮಿನಲ್ಲಿ 40:60 ಇದ್ದದ್ದು 2021ರ ಸ್ಕೀಮಿನಲ್ಲಿ 50:50 ಆಯಿತು. ಪ್ರತಿ ಬದಲಾವಣೆಯ ಹೊತ್ತಿಗೂ ಗುಣಮಟ್ಟ ಹೆಚ್ಚುತ್ತದೆ ಎಂದು ಒಂದು ಪಕ್ಷ, ಕುಸಿಯುತ್ತದೆ ಎಂದು ಇನ್ನೊಂದು ಪಕ್ಷ ವಾದಿಸಿವೆ. ನಿಯಮಾವಳಿಯಲ್ಲಿ ಬರೆದ ಅನುಪಾತವೂ ಫಲಿತಾಂಶದಲ್ಲಿ ಆಂತರಿಕ ಅಂಕಗಳಿಗೆ ನಿಜಕ್ಕೂ ಸಿಗುವ ತೂಕವೂ ಬೇರೆ ಬೇರೆ, ಎರಡರ ನಡುವಿನ ಅಂತರವನ್ನು ಲೆಕ್ಕಹಾಕದೆ ಈ ವಾದ ಬಗೆಹರಿಯದು ಎಂಬುದು ಪ್ರಸ್ತುತ ಲೇಖನದ ನಿಲುವು.

ಆಂತರಿಕ ಮೌಲ್ಯಮಾಪನದ ವಿಚಾರ ಹೊಸದಲ್ಲ. 1948-49ರ ರಾಧಾಕೃಷ್ಣನ್ ಆಯೋಗವು ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸುವುದಾದರೆ ಅದು ಪರೀಕ್ಷಾ ಪದ್ಧತಿಯದ್ದೇ ಎಂದಿತ್ತು. ಪ್ರತಿ ವಿಷಯದ ಮೂರನೇ ಒಂದು ಭಾಗದ ಅಂಕವನ್ನು ವರ್ಷದುದ್ದಕ್ಕೂ ಮಾಡಿದ ತರಗತಿಯ ಕೆಲಸಕ್ಕೆ ಮೀಸಲಿಡಬೇಕೆಂದೂ ಶಿಫಾರಸು ಮಾಡಿತ್ತು. 1964-66ರ ಕೊಠಾರಿ ಆಯೋಗ ಒಂದು ಹೆಜ್ಜೆ ಮುಂದೆ ಹೋಯಿತು. ಶಾಲಾ ಹಂತದ ಬಗ್ಗೆ ಬರೆಯುತ್ತಾ, ಆಂತರಿಕ ಮೌಲ್ಯಮಾಪನದ ಫಲಿತಾಂಶವನ್ನು ಸಾರ್ವಜನಿಕ ಪರೀಕ್ಷೆಯ ಅಂಕಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ತೋರಿಸಬೇಕು ಎಂದಿತು. ಮೊದಲ ಸಲಹೆ ನಮ್ಮ ನಿಯಮಗಳಿಗೆ ಬಂತು. ಎರಡನೆಯದರ ಹಿಂದಿನ ವಿವೇಕ ಕಾಲೇಜುಗಳವರೆಗೆ ತಲುಪಲಿಲ್ಲ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಮಾಡುವುದು ರೂಢಿಯಾಯಿತು.

ಸೆಮಿಸ್ಟರಿನ ಕ್ರಮ ಓದುಗರಿಗೆ ಪರಿಚಿತವೇ. ಮೈಸೂರು ವಿಶ್ವವಿದ್ಯಾಲಯದ ಪರಿಭಾಷೆಯಲ್ಲಿ ಅದು ಸಿ1, ಸಿ2, ಸಿ3: ಎಂಟನೇ ವಾರದ ಸುಮಾರಿಗೆ ಮೊದಲ ಘಟಕ, ಹದಿನಾರನೇ ವಾರದ ಸುಮಾರಿಗೆ ಎರಡನೆಯದು, ಆಮೇಲೆ ಅಂತಿಮ ಪರೀಕ್ಷೆ. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್, ಕೆಲವೆಡೆ ಹಾಜರಾತಿಗೂ ಒಂದಿಷ್ಟು ಅಂಕ. ವಿದ್ಯಾರ್ಥಿಗಳ ಮಾತಿನಲ್ಲಿ ಇದೆಲ್ಲ ಸೇರಿ ‘ಇಂಟರ್ನಲ್ಸ್’. ಅದು ಪೂರ್ತಿ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಆ ಮಾತಿನಲ್ಲೇ ಸೇರಿಕೊಂಡಿರುತ್ತದೆ, ಮತ್ತು ಆ ನಂಬಿಕೆ ಹುಸಿಯಾಗುವುದು ಅಪರೂಪ.

ಈ ಸಾರಾಸಗಟು ಉದಾರತೆಯ ಪರಿಣಾಮವನ್ನು ಅಳೆಯಲು ಒಂದು ಲೆಕ್ಕ ಮಾಡಬಹುದು. ಸಂಖ್ಯೆಗಳು ಯಾವುದೇ ಕಾಲೇಜಿನವಲ್ಲ, ವಾದಕ್ಕಾಗಿ ಇಟ್ಟುಕೊಂಡವು. 40 ಆಂತರಿಕ ಅಂಕಗಳಲ್ಲಿ ತರಗತಿಯ ಎಲ್ಲರಿಗೂ 36ರಿಂದ 40ರೊಳಗೆ ಬಂದಿದೆ, ಮಾನಕ ವಿಚಲನೆ 1 ಎನ್ನೋಣ. 60ರ ಅಂತಿಮ ಪರೀಕ್ಷೆಯಲ್ಲಿ ಅಂಕಗಳು ಹರಡಿಕೊಂಡಿವೆ, ಮಾನಕ ವಿಚಲನೆ 10. ಇಬ್ಬರು ವಿದ್ಯಾರ್ಥಿಗಳಲ್ಲಿ ಯಾರು ಮುಂದೆ ಎಂಬುದು ಅಂಕದ ಗಾತ್ರದಿಂದ ತೀರ್ಮಾನವಾಗುವುದಿಲ್ಲ, ಅಂಕಗಳ ಹರಹಿನಿಂದ ತೀರ್ಮಾನವಾಗುತ್ತದೆ. ಎಲ್ಲರಿಗೂ ಸಮಾನವಾಗಿ ಸಿಕ್ಕ ಅಂಕ ಯಾರನ್ನೂ ಮುಂದೆ ತರಲಾರದು. ಎರಡು ಘಟಕಗಳ ನಡುವೆ ಸಂಬಂಧವೇ ಇಲ್ಲವೆಂದುಕೊಂಡರೆ ಒಟ್ಟು ಅಂಕಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಆಂತರಿಕ ಅಂಕಗಳ ಕೊಡುಗೆ (ವಿಚಲನೆಗಳ ವರ್ಗದ ಲೆಕ್ಕದಲ್ಲಿ) ಶೇಕಡಾ 1ರಷ್ಟು. ಸಹಸಂಬಂಧ 0.5 ಇದೆಯೆಂದರೂ ಅದು ಶೇಕಡಾ 5.4ನ್ನು ದಾಟದು. ಇದೇ ಬಗೆಯ ಗುಂಪುಗೂಡುವಿಕೆಯನ್ನು ಅದೇ ಪ್ರಮಾಣದಲ್ಲಿ 20:80ಕ್ಕೆ ಇಳಿಸಿ ನೋಡಿದರೆ ಕೊಡುಗೆ ಶೇಕಡಾ 1.9. ಅಂದರೆ ಆದೇಶದಲ್ಲಿ 20 ಅಂಶಗಳಷ್ಟು ಕಂಡ ಬದಲಾವಣೆ ವಿದ್ಯಾರ್ಥಿಗಳ ಶ್ರೇಣಿಯ ಮೇಲೆ ಮೂರೂವರೆ ಅಂಶಗಳಷ್ಟೇ.

ಹಾಗಾದರೆ ಅನುಪಾತ ಏನನ್ನೂ ಬದಲಿಸುವುದಿಲ್ಲವೇ? ಒಂದನ್ನು ಬದಲಿಸುತ್ತದೆ. ಶ್ರೇಣಿಯಲ್ಲಿ ಯಾರನ್ನೂ ಕದಲಿಸದ ಅಂಕ ಎಲ್ಲರನ್ನೂ ಒಟ್ಟಿಗೆ ಮೇಲಕ್ಕೆತ್ತುತ್ತದೆ. ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣತೆಗೆ ಶೇಕಡಾ 35 ಸಾಕು ಎಂಬ ನಿಯಮ ಇರುವಲ್ಲಿ 60ಕ್ಕೆ 21 ತೆಗೆದು ಅಂಚಿನಲ್ಲಿ ಪಾಸಾದ ವಿದ್ಯಾರ್ಥಿಗೆ ಆಂತರಿಕದಲ್ಲಿ 39 ಇದ್ದರೆ ಮೊತ್ತ 60. ಸಾಂಪ್ರದಾಯಿಕ ಲೆಕ್ಕದಲ್ಲಿ ಅದು ಪ್ರಥಮ ದರ್ಜೆ! 20:80ರಲ್ಲಿ ಅದೇ ಅಂಚಿನ ವಿದ್ಯಾರ್ಥಿಗೆ 80ಕ್ಕೆ 28, ಆಂತರಿಕದಲ್ಲಿ ಪೂರ್ತಿ 20 ಕೊಟ್ಟರೂ 48. 40ನ್ನು 20ಕ್ಕೆ ಇಳಿಸಿದ್ದರಿಂದ ಕಡಿಮೆಯಾದದ್ದು ಈ ಉಬ್ಬರ. ಅದು ಸಣ್ಣ ಲಾಭವಲ್ಲ, ಆದರೆ ಅದನ್ನು ನಿರಂತರ ಕಲಿಕೆಯ ಪರವಾದ ಅಥವಾ ವಿರೋಧವಾದ ನಿರ್ಧಾರ ಎಂದು ಓದುವುದು ತಪ್ಪು.

ಗುಂಪುಗೂಡುವಿಕೆಗೆ ಅಧ್ಯಾಪಕರ ಮೃದು ಮನಸ್ಸನ್ನು ದೂರುವುದು ಸುಲಭ. ನನಗೆ ಆ ವಿವರಣೆ ಸಾಲದು. ಕರ್ನಾಟಕದ ಹೆಚ್ಚಿನ ಪದವಿ ಕಾಲೇಜುಗಳು ಸಂಯೋಜಿತ ಕಾಲೇಜುಗಳು: ಪಠ್ಯಕ್ರಮ ರೂಪಿಸುವವರು ಒಬ್ಬರು, ಪಾಠ ಮಾಡುವವರು ಇನ್ನೊಬ್ಬರು, ಅಂತಿಮ ಉತ್ತರಪತ್ರಿಕೆ ತಿದ್ದುವವರು ಮತ್ತೊಬ್ಬರು. ಅಧ್ಯಾಪಕರ ಕೈಯಲ್ಲಿ ಪೂರ್ತಿ ಉಳಿದಿರುವುದು ಆಂತರಿಕ ಅಂಕ ಮಾತ್ರ. ಒಂದೇ ವಿಶ್ವವಿದ್ಯಾಲಯದ ಪದವಿಗಾಗಿ ಹತ್ತಾರು ಕಾಲೇಜುಗಳ ಮಕ್ಕಳು ಸ್ಪರ್ಧಿಸುವಾಗ ಒಬ್ಬ ಅಧ್ಯಾಪಕಿ ಮಾತ್ರ ಕಟ್ಟುನಿಟ್ಟಾಗಿ 24, 29, 33 ಎಂದು ಕೊಟ್ಟರೆ ಪೆಟ್ಟು ಬೀಳುವುದು ಅವರ ವಿದ್ಯಾರ್ಥಿಗಳಿಗೆ. ಪಕ್ಕದ ಕಾಲೇಜಿನ ಉದಾರತೆಗೆ ಯಾವ ದಂಡವೂ ಇಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊರೆ ಹೊತ್ತಿರುವ ಅತಿಥಿ ಉಪನ್ಯಾಸಕರಿಗಂತೂ ಮುಂದಿನ ವರ್ಷದ ಕೆಲಸವೇ ಖಾತ್ರಿಯಿಲ್ಲ. ವಿದ್ಯಾರ್ಥಿಗಳೊಡನೆಯೋ ಪ್ರಾಂಶುಪಾಲರೊಡನೆಯೋ ಅಂಕದ ಜಗಳಕ್ಕೆ ಇಳಿಯುವ ಧೈರ್ಯವನ್ನು ಅವರಿಂದ ಅಪೇಕ್ಷಿಸುವುದು ನ್ಯಾಯವಲ್ಲ. ಇದರ ಮೇಲೆ ಕೆಲಸದ ಲೆಕ್ಕ ಬೇರೆ: ತಲಾ 60 ಮಂದಿಯ ಮೂರು ವಿಭಾಗ, ಒಬ್ಬೊಬ್ಬರಿಂದ ಎರಡು ಕಿರುಪರೀಕ್ಷೆ, ಎರಡು ಅಸೈನ್‌ಮೆಂಟ್ ಎಂದರೆ ಒಂದು ಸೆಮಿಸ್ಟರಿಗೆ 720 ಬರಹಗಳು. ಓದಿ, ಗುರುತು ಹಾಕಿ, ಟಿಪ್ಪಣಿ ಬರೆದು ಹಿಂತಿರುಗಿಸುವುದು ಹಾಗಿರಲಿ, ತಿರುವಿ ಹಾಕುವುದೇ ಕಷ್ಟ. ನಿರಂತರ ಮೌಲ್ಯಮಾಪನದ ಶೈಕ್ಷಣಿಕ ಪ್ರಯೋಜನವೆಲ್ಲ ಆ ಟಿಪ್ಪಣಿಯಲ್ಲಿ ಇತ್ತು. ಅಂಕ ಉಳಿದು ಟಿಪ್ಪಣಿ ಬಿದ್ದುಹೋಗಿದೆ.

ಪರಿಹಾರವಾಗಿ ಆಗಾಗ ಕೇಳಿಬರುವುದು ಹೊಂದಾಣಿಕೆಯ ಸೂತ್ರ: ಕಾಲೇಜೊಂದರ ಆಂತರಿಕ ಸರಾಸರಿಯು ಅದರ ಅಂತಿಮ ಪರೀಕ್ಷೆಯ ಸರಾಸರಿಗಿಂತ ಇಷ್ಟರಮಟ್ಟಿಗೆ ಮೇಲಿದ್ದರೆ ಅದನ್ನು ತಗ್ಗಿಸುವುದು. ಇದರಲ್ಲಿ ಒಂದು ತಾರ್ಕಿಕ ತೊಡಕಿದೆ. ಮೂರು ಗಂಟೆಯ ಪರೀಕ್ಷೆ ಕಲಿಕೆಯ ಪೂರ್ತಿ ಅಳತೆಯಲ್ಲ ಎಂಬ ಕಾರಣಕ್ಕೇ ಆಂತರಿಕ ಮೌಲ್ಯಮಾಪನ ಬಂತು. ಈಗ ಅದೇ ಪರೀಕ್ಷೆಯನ್ನು ಪ್ರಮಾಣವಾಗಿಟ್ಟು ಆಂತರಿಕವನ್ನು ತಿದ್ದಿದರೆ ಪರೀಕ್ಷೆಗೆ ನೂರಕ್ಕೆ ನೂರು ಅಧಿಕಾರ ಹಿಂತಿರುಗುತ್ತದೆ. ಪ್ರಯೋಗಾಲಯದಲ್ಲಿ ಚುರುಕಾಗಿದ್ದು ಬರವಣಿಗೆಯಲ್ಲಿ ನಿಧಾನವಾದ ವಿದ್ಯಾರ್ಥಿ, ಚರ್ಚೆಯಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ವಾದಿಸಿ ಉತ್ತರಪತ್ರಿಕೆಯ ಇಂಗ್ಲಿಷಿನಲ್ಲಿ ತಡವರಿಸುವ ವಿದ್ಯಾರ್ಥಿನಿ: ಆಂತರಿಕ ಅಂಕ ಯಾರಿಗಾಗಿ ಇದೆಯೋ ಅವರೇ ಮೊದಲು ಕಳೆದುಕೊಳ್ಳುವವರು. ಹದಿನೈದು ಮಂದಿಯ ಐಚ್ಛಿಕ ಕನ್ನಡ ತರಗತಿಯ ಸರಾಸರಿಗೆ ಇಂಥ ಸೂತ್ರ ಹಾಕುವುದಂತೂ ಸಂಖ್ಯಾಶಾಸ್ತ್ರಕ್ಕೂ ಒಗ್ಗದು.

ಗ್ರೇಡ್ ಪದ್ಧತಿ ಈ ಸಮಸ್ಯೆಯನ್ನು ಕರಗಿಸೀತೆಂಬ ನಿರೀಕ್ಷೆಯಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯು ‘ಒ’ಗೆ 10ರಿಂದ ಹಿಡಿದು ‘ಪಿ’ಗೆ 4ರವರೆಗೆ ಹತ್ತು ಅಂಶಗಳ ಮಾಪಕವನ್ನು ಸೂಚಿಸಿ, ತರಗತಿಯ ಅಂಕ ಹಂಚಿಕೆಯನ್ನು ಆಧರಿಸಿದ ಸಾಪೇಕ್ಷ ಗ್ರೇಡಿಂಗ್, ಮೊದಲೇ ನಿಗದಿಯಾದ ಅಂಕಮಿತಿಗಳ ನಿರಪೇಕ್ಷ ಗ್ರೇಡಿಂಗ್ ಎರಡಕ್ಕೂ ಅವಕಾಶ ಬಿಟ್ಟಿತ್ತು. ನಮ್ಮಲ್ಲಿ ನೆಲೆಗೊಂಡದ್ದು ನಿರಪೇಕ್ಷ ಕ್ರಮ. ಉಬ್ಬಿದ ಮೊತ್ತವೇ ಗ್ರೇಡ್ ಆಗಿ ಮಾರ್ಪಟ್ಟಿತು. ಒಂದೆರಡು ಅಂಕದ ಹುಸಿ ನಿಖರತೆಯನ್ನು ಅಳಿಸುವುದು ಗ್ರೇಡಿನ ಉದ್ದೇಶವಾಗಿದ್ದರೂ ಉದ್ಯೋಗದ ಅರ್ಜಿಗಳು ಶೇಕಡಾವಾರನ್ನೇ ಕೇಳುತ್ತವೆ. ಹೀಗಾಗಿ ತಾಂತ್ರಿಕ ವಿಶ್ವವಿದ್ಯಾಲಯವು ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವಂಥ ಸೂತ್ರವನ್ನು ಒಂದು ಕಾಲದ ಸ್ಕೀಮುಗಳಿಗೆ ಕೊಡಬೇಕಾಯಿತು. ಅಳಿಸಿದ್ದನ್ನು ಮತ್ತೆ ಬರೆಯುವ ಕಸರತ್ತು ಅದು.

ನನ್ನ ಸಲಹೆ ಕೊಠಾರಿ ಆಯೋಗದ ಮರೆತ ಸಾಲಿಗೆ ಹತ್ತಿರದ್ದು. ಆಂತರಿಕ ಮತ್ತು ಅಂತಿಮ ಅಂಕಗಳು ಇಂದೂ ಹಲವು ಅಂಕಪಟ್ಟಿಗಳಲ್ಲಿ ಬೇರೆ ಬೇರೆ ಕಾಲಂಗಳಲ್ಲಿ ಅಚ್ಚಾಗುತ್ತವೆ. ಕೂಡಿಸುವುದನ್ನು ನಿಲ್ಲಿಸಿ, ಎರಡಕ್ಕೂ ಪ್ರತ್ಯೇಕ ಗ್ರೇಡ್ ಕೊಡಬಹುದು. ಆಂತರಿಕ ಗ್ರೇಡಿನ ಪಕ್ಕದಲ್ಲಿ ಆ ಕಾಲೇಜಿನ ಆ ತರಗತಿಯ ಮಧ್ಯಾಂಕವೂ ಅಚ್ಚಾಗಲಿ. ತರಗತಿಯ ಮಧ್ಯಾಂಕ 39 ಇರುವಲ್ಲಿ ಒಬ್ಬ ವಿದ್ಯಾರ್ಥಿಯ 39 ಏನನ್ನೂ ಹೇಳದು ಎಂಬುದು ಓದಿದವರಿಗೆ ತಾನಾಗಿ ತಿಳಿಯುತ್ತದೆ, ಯಾರೂ ಯಾರ ಅಂಕವನ್ನೂ ತಗ್ಗಿಸಬೇಕಿಲ್ಲ. ಕಟ್ಟುನಿಟ್ಟಾದ ಅಧ್ಯಾಪಕಿಯ ವಿದ್ಯಾರ್ಥಿಯ 33ಕ್ಕೆ, ಮಧ್ಯಾಂಕ 27 ಎಂದು ಪಕ್ಕದಲ್ಲಿದ್ದಾಗ, ಮೊದಲ ಬಾರಿಗೆ ಬೆಲೆ ಬರುತ್ತದೆ. ಇದಕ್ಕೆ ಹೊಸ ತಂತ್ರಾಂಶವೇನೂ ಬೇಡ, ಅಂಕಗಳೆಲ್ಲ ಈಗಾಗಲೇ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿವೆ. ಬೇಕಿರುವುದು ಪರೀಕ್ಷಾಂಗ ಕುಲಸಚಿವರ ಒಂದು ಸುತ್ತೋಲೆ. 720 ಬರಹಗಳನ್ನು ಓದಲು ಬೇಕಾದ ಕಾಯಂ ಹುದ್ದೆಗಳ ಪ್ರಶ್ನೆ ಮಾತ್ರ ಸುತ್ತೋಲೆಯಿಂದ ಬಗೆಹರಿಯುವುದಲ್ಲ. ಅದು ಆರ್ಥಿಕ ಇಲಾಖೆಯ ಮೇಜಿನ ಮೇಲಿನ ಕಡತ.